ಬಿ.ಬಿ. ಕಪ್‌ಗೂ ಜಾತಕ ಕೂಡಬೇಕು

ಹೈದರಾಬಾದಿನ ಬಾಲಾನಗರ ಲೇತು, ಮಿಲ್ಲಿಂಗ್ ಮಷೀನುಗಳ ಪ್ರದೇಶ. ವಿಶ್ವಸಂಸ್ಥೆಯ ನೆರವಿನೊಂದಿಗೆ ಕೇಂದ್ರ ಸರ್ಕಾರ 1968ರಲ್ಲಿ ಇಲ್ಲಿ ತೆರೆದ ಸಿಐಟಿಡಿ ಎಂಬ ತರಬೇತಿ ಸಂಸ್ಥೆ ಇಂದಿಗೂ ಟೂಲ್, ಡೈ, ಗೇಜುಗಳ ವಿದ್ಯೆ ಕಲಿಸುತ್ತಿದೆ. ಸೈಕಲ್ ರಿಪೇರಿ ಅದರ ಪಠ್ಯದಲ್ಲಿಲ್ಲ. ಆದರೆ ಹಳೆಯ ಟ್ರ್ಯಾಕ್ ಸೈಕಲ್ಲಿಗೆ ಬಿ.ಬಿ. (ಬಾಟಮ್ ಬ್ರ್ಯಾಕೆಟ್) ಸೆಟ್ ಹುಡುಕುವವರಿಗೆ ಬೇಕಾದದ್ದು ಇದೇ ವಿದ್ಯೆ: ಕಂಪನಿಯ ಹೆಸರು ನೋಡಿ ಕೊಳ್ಳದೆ ಅಳೆದು ನೋಡಿ ಕೊಳ್ಳುವುದು.

ಪೆಡಲ್ ಕ್ರ್ಯಾಂಕ್‌ಗಳ ನಡುವಿನ ಆ್ಯಕ್ಸಲ್, ಎರಡು ಕಪ್, ಬಾಲುಗಳು ಸೇರಿದರೆ ಬಿ.ಬಿ. ಸೆಟ್. ಅದು ಕೂರುವ ಕೊಳವೆಯೇ ಶೆಲ್. ಮೊದಲು ಅದರ ಅಗಲ ಅಳೆಯಿರಿ. 70 ಮಿ.ಮೀ. ಇದ್ದರೆ ಸಾಮಾನ್ಯವಾಗಿ ಇಟಾಲಿಯನ್: 36 ಮಿ.ಮೀ. ವ್ಯಾಸ, ಇಂಚಿಗೆ 24 ಸುತ್ತು, ಎರಡೂ ಬದಿ ಬಲ ಥ್ರೆಡ್. 68 ಇದ್ದರೆ ಎಚ್ಚರ ಬೇಕು. ಇಂಗ್ಲಿಷ್ ಥ್ರೆಡ್ 1.37 ಇಂಚು, ಅಂದರೆ 34.8 ಮಿ.ಮೀ.; ಫ್ರೆಂಚ್, ಸ್ವಿಸ್ ಎರಡೂ 35. ವ್ಯತ್ಯಾಸ ಕೂದಲೆಳೆಯಷ್ಟೇ. ಇಂಗ್ಲಿಷ್ ಥ್ರೆಡ್ ಪ್ರತಿ ಸುತ್ತಿಗೆ 1.058 ಮಿ.ಮೀ. ಮುಂದೆ ಹೋದರೆ ಫ್ರೆಂಚ್ ಸರಿಯಾಗಿ 1 ಮಿ.ಮೀ. ಹೋಗುತ್ತದೆ. ತಪ್ಪು ಕಪ್ ಎರಡು ಮೂರು ಸುತ್ತು ಸಲೀಸಾಗಿ ಹೋಗಿ, ಆಮೇಲೆ ಬಿಗಿಯಾಗುತ್ತದೆ. ಅಲ್ಲಿಗೇ ನಿಲ್ಲಿಸಿ; ಸ್ಪ್ಯಾನರಿಗೆ ಬಲ ಹಾಕಿದರೆ ಶೆಲ್ಲಿನ ಥ್ರೆಡ್ಡೇ ಹಾಳು.

ಚೈನಿನ ಬದಿಯ ಕಪ್ ಇಂಗ್ಲಿಷ್, ಸ್ವಿಸ್‌ನಲ್ಲಿ ಉಲ್ಟಾ ಥ್ರೆಡ್. ಬಾಲುಗಳು ಉರುಳುವಾಗ ಕಪ್ ತಾನಾಗಿ ಸಡಿಲಗೊಳ್ಳದಿರಲೆಂದು ಈ ಏರ್ಪಾಟು. ಫ್ರೆಂಚ್, ಇಟಾಲಿಯನ್ ಶೆಲ್‌ಗಳಲ್ಲಿ ಇದಿಲ್ಲ. ಹಾಗಾಗಿ ಅವುಗಳ ಚೈನ್ ಬದಿಯ ಕಪ್ಪನ್ನು ಬಲವಾಗಿಯೇ ಬಿಗಿಯಬೇಕು. ಕಪ್ಪಿನ ಮುಖದಲ್ಲಿ 1.37×24, 36×24, 35×1 ಎಂದು ಅಚ್ಚಾಗಿರುವುದೂ ಉಂಟು. ಗ್ರೀಸ್ ಒರೆಸಿ ನೋಡಿ.

ಇನ್ನು ಆ್ಯಕ್ಸಲ್. ನಾಲ್ಕುಮೂಲೆಯ ತುದಿ ಒಂದೇ ರೀತಿ ಕಂಡರೂ ಜೆಐಎಸ್ (ಜಪಾನಿನ ಮಾನದಂಡ), ಐಎಸ್ಒ (ಅಂತರರಾಷ್ಟ್ರೀಯ ಮಾನದಂಡ) ಎಂದು ಎರಡು ಅಳತೆ. ಕ್ಯಾಂಪನ್ಯೋಲೊ ಕಂಪನಿಯದ್ದು ಐಎಸ್ಒ. ಜಪಾನಿನದ್ದೆಂದ ಮಾತ್ರಕ್ಕೆ ಜೆಐಎಸ್ ಅಲ್ಲ. ಅಲ್ಲಿನ ಸುಗಿನೊ ಕಂಪನಿಯ 75 ಕ್ರ್ಯಾಂಕ್ ಐಎಸ್ಒದ್ದೇ. ಐಎಸ್ಒ ಕ್ರ್ಯಾಂಕನ್ನು ಜೆಐಎಸ್ ಆ್ಯಕ್ಸಲ್‌ಗೆ ಹಾಕಿದರೆ ಅದು ಸುಮಾರು 4.5 ಮಿ.ಮೀ. ಹೊರಗೆ ನಿಲ್ಲುತ್ತದೆ; ಚೈನಿನ ನೇರ ತಪ್ಪುತ್ತದೆ. ಗೇರ್ ಸೈಕಲ್ಲಿನಲ್ಲಿ ಚೈನು ಪಕ್ಕಕ್ಕೆ ಬಾಗುವುದು ನಿತ್ಯದ ಮಾತು. ಫ್ರೀವೀಲ್ ಇಲ್ಲದ ಟ್ರ್ಯಾಕ್ ಸೈಕಲ್ಲಿನಲ್ಲಿ ಮುಂದಿನ ಹಲ್ಲುಚಕ್ರ ಹಿಂದಿನದರ ನೇರಕ್ಕೇ ಬರಬೇಕು. ವೇಗದಲ್ಲಿ ಚೈನು ಕಳಚಿದರೆ ಸವಾರನ ಕಾಲು, ಚಕ್ರ ಎರಡಕ್ಕೂ ಅಪಾಯ.

ಹಾಳಾದ ಇಂಗ್ಲಿಷ್ ಶೆಲ್ಲಿಗೂ ಒಂದು ದಾರಿ ಇದೆ. ಒಳಗೆ 36 ಮಿ.ಮೀ.ಗೆ ಹೊಸ ಥ್ರೆಡ್ ಕೊರೆಸಿ ಇಟಾಲಿಯನ್ ಕಪ್ ಕೂರಿಸಬಹುದು. ಇದು ಒಮ್ಮೆ ಮಾತ್ರ ಸಾಧ್ಯ; ಮತ್ತೆ ಇಂಗ್ಲಿಷ್ ಕಪ್ ಅದರಲ್ಲಿ ನಿಲ್ಲದು. ಅದಕ್ಕೇ ಕೊಳ್ಳುವ ಮುನ್ನ ಕ್ಯಾಲಿಪರ್, ಪಿಚ್ ಗೇಜ್ ಕೈಯಲ್ಲಿರಲಿ.