ಮರೆಯಾದ ವಿಂಡೋ ಎಲ್ಲಿರುತ್ತದೆ?

ಬೆಟಗೇರಿಯ ಕೈಮಗ್ಗದಲ್ಲಿ ನೇಕಾರರು ಕಾಲಡಿಯ ಹಲಗೆ ತುಳಿದರೆ ಹಾಸಿನ ಎಳೆಗಳ ಒಂದು ಗುಂಪು ಮೇಲೇಳುತ್ತದೆ, ಇನ್ನೊಂದು ಕೆಳಗಿಳಿಯುತ್ತದೆ. ನಡುವಿನ ಸಂದಿಯಲ್ಲಿ ಲಾಳಿ ಓಡುತ್ತದೆ. ಕೆಳಗಿಳಿದ ಎಳೆ ಹರಿದಿರುವುದಿಲ್ಲ, ಅದೇ ಬಿಗುವಿನಲ್ಲಿ ತನ್ನ ಸರದಿಗೆ ಕಾದಿರುತ್ತದೆ. ಕಂಪ್ಯೂಟರಿನ ಪರದೆಯಲ್ಲಿ ವಿಂಡೋಗಳನ್ನು ಜೋಡಿಸುವ ಪ್ರೋಗ್ರಾಂ, ಅಂದರೆ ವಿಂಡೋ ಮ್ಯಾನೇಜರ್, ಹಲವು ವರ್ಕ್‌ಸ್ಪೇಸ್‌ಗಳನ್ನು, ಅಂದರೆ ಒಂದೇ ಪರದೆಯಲ್ಲಿ ಸರದಿಯಂತೆ ಕಾಣುವ ಕೆಲಸದ ಜಾಗಗಳನ್ನು, ನಡೆಸುವ ಬಗೆಯೂ ಹೀಗೇ ಇದೆ. ಒಂದು ಕೀಲಿ ಒತ್ತಿದರೆ ವಿಂಡೋಗಳ ಇಡೀ ಗುಂಪು ಮರೆಯಾಗಿ ಮತ್ತೊಂದು ಗುಂಪು ಎದುರಿಗೆ ಬರುತ್ತದೆ. ಈ ಸೌಲಭ್ಯದ ನಿಜವಾದ ಬೆಲೆ ಇರುವುದು ಆ ‘ಗುಂಪು’ ಎಂಬ ಮಾತಿನಲ್ಲೇ.

ಲಿನಕ್ಸ್‌ನಲ್ಲಿ ದಶಕಗಳಿಂದ ಬಳಕೆಯಲ್ಲಿರುವ ಎಕ್ಸ್ ವ್ಯವಸ್ಥೆಯನ್ನು ನೋಡಿ. ಪ್ರತಿ ವಿಂಡೋಗೂ ಅದು ಯಾವ ವರ್ಕ್‌ಸ್ಪೇಸ್‌ಗೆ ಸೇರಿದ್ದೆಂಬ ಒಂದು ಸಂಖ್ಯೆ ಅಂಟಿಕೊಂಡಿರುತ್ತದೆ. ನೀವು ವರ್ಕ್‌ಸ್ಪೇಸ್ ಬದಲಿಸಿದಾಗ ಮ್ಯಾನೇಜರ್ ಆ ಸಂಖ್ಯೆಗಳನ್ನು ನೋಡಿ, ಸೇರದವುಗಳನ್ನು ಪರದೆಯಿಂದ ಇಳಿಸುತ್ತದೆ, ಸೇರಿದವುಗಳನ್ನು ಏರಿಸುತ್ತದೆ. ಇಳಿದ ವಿಂಡೋದ ಅಳತೆ, ಜಾಗ, ಗುರುತು ಎಲ್ಲವೂ ಹಾಗೇ ಉಳಿಯುತ್ತವೆ. ಅದರ ಹಿಂದಿನ ಪ್ರೋಗ್ರಾಂ ಓಡುತ್ತಲೇ ಇರುತ್ತದೆ. ಕೆಲವು ಮ್ಯಾನೇಜರ್‌ಗಳು ವಿಂಡೋವನ್ನು ಪರದೆಯ ಅಂಚಿನಾಚೆಗೆ ಸರಿಸಿ ಮರೆಮಾಡುತ್ತವೆ. 2015ರ ವಿಂಡೋಸ್ 10 ಅದಕ್ಕೊಂದು ಮುಸುಕು ಹೊದಿಸುತ್ತದೆ: ಚಿತ್ರ ಸ್ಮೃತಿಯಲ್ಲಿ ಸಿದ್ಧವಿರುತ್ತದೆ, ಕಣ್ಣಿಗೆ ಮಾತ್ರ ಬೀಳದು. ದಾರಿ ಯಾವುದಾದರೂ ಮರೆಮಾಡುವುದೇ ಬೇರೆ, ಮುಚ್ಚುವುದೇ ಬೇರೆ.

ಹಾಗಾದರೆ ಪ್ರತಿ ವಿಂಡೋದ ಮಿನಿಮೈಸ್ ಗುಂಡಿಯೇ ಸಾಲದೇ ಎಂದು ಕೇಳಬಹುದು. 1986ರಲ್ಲಿ ಝೆರಾಕ್ಸ್ ಸಂಸ್ಥೆಯ ಪಾರ್ಕ್ ಸಂಶೋಧನಾಲಯದ ಆಸ್ಟಿನ್ ಹೆಂಡರ್ಸನ್ ಮತ್ತು ಸ್ಟುವರ್ಟ್ ಕಾರ್ಡ್ ‘ರೂಮ್ಸ್’ ಎಂಬ ವ್ಯವಸ್ಥೆಯನ್ನು ವಿವರಿಸುತ್ತ ಇದಕ್ಕೆ ಉತ್ತರ ಕೊಟ್ಟಿದ್ದರು. ಜನ ವಿಂಡೋಗಳನ್ನು ಬಿಡಿಬಿಡಿಯಾಗಿ ಬಳಸುವುದಿಲ್ಲ, ಒಂದೊಂದು ಕೆಲಸಕ್ಕೆ ಒಂದೊಂದು ಗುಂಪಾಗಿ ಬಳಸುತ್ತಾರೆ. ಆ ಗುಂಪೆಲ್ಲ ಪರದೆಯಲ್ಲಿ ಹಿಡಿಸದಿದ್ದರೆ ಕೆಲಸಕ್ಕಿಂತ ಹುಡುಕಾಟವೇ ಹೆಚ್ಚಾಗುತ್ತದೆ. ಮುದ್ರಣಕ್ಕೆ ಹೆಸರಾದ ಗದಗಿನ ಡಿಟಿಪಿ ಮೇಜಿಗೆ ಇದನ್ನು ಅನ್ವಯಿಸಿ ನೋಡಿ. ಲಗ್ನಪತ್ರಿಕೆಗೆ ‘ನುಡಿ’ ಕನ್ನಡ ತಂತ್ರಾಂಶದಲ್ಲಿ ಬೆರಳಚ್ಚಾದ ಪಠ್ಯ, ಪುಟವಿನ್ಯಾಸ, ಫೋಟೊ, ಹೀಗೆ ಮೂರು ವಿಂಡೋ. ನಡುವೆ ಕರಪತ್ರ ತಿದ್ದಿಸಲು ಇನ್ನೊಬ್ಬರು ಬಂದರೆ ಮತ್ತೆ ಮೂರು. ಮಿನಿಮೈಸ್ ಮಾಡುವುದೆಂದರೆ ಎಳೆಗಳನ್ನು ಬೆರಳಿನಿಂದ ಒಂದೊಂದಾಗಿ ಎತ್ತಿದಂತೆ. ವರ್ಕ್‌ಸ್ಪೇಸ್ ಒಂದೇ ತುಳಿತದಲ್ಲಿ ಆ ಕೆಲಸ ಮುಗಿಸುತ್ತದೆ.

ಆಕ್ಷೇಪಗಳು ಇನ್ನೂ ಎರಡಿವೆ. ಕಂಪ್ಯೂಟರ್ ನಿಧಾನವಾದೀತು ಎಂಬುದು ಮೊದಲನೆಯದು. ತೆರೆದ ಪ್ರೋಗ್ರಾಂ ಮರೆಯಲ್ಲಿದ್ದರೂ ಸ್ಮೃತಿಯಲ್ಲಿ ಜಾಗ ಹಿಡಿಯುವುದು ನಿಜ. ಆದರೆ ಆ ಹೊರೆ ತೆರೆದದ್ದರಿಂದ ಬಂದದ್ದು, ಮರೆಮಾಡಿದ್ದರಿಂದಲ್ಲ; ಬೇಡವಾದದ್ದನ್ನು ಮುಚ್ಚಲೇಬೇಕು. ಕಣ್ಮರೆಯಾದದ್ದು ಮರೆತೇಹೋಗುತ್ತದೆ ಎಂಬ ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಆಚೆ ವರ್ಕ್‌ಸ್ಪೇಸ್‌ನಲ್ಲಿ ಅರ್ಧ ತುಂಬಿದ ಅರ್ಜಿ ಉಳಿದುಬಿಡಬಹುದು. ವರ್ಕ್‌ಸ್ಪೇಸ್‌ಗಳು ಎರಡು ಮೂರರಷ್ಟೇ ಇದ್ದು, ಒಂದೊಂದಕ್ಕೂ ಗೊತ್ತಾದ ಕೆಲಸವಿದ್ದರೆ ಈ ಅಪಾಯ ತಗ್ಗುತ್ತದೆ. ವರ್ಕ್‌ಸ್ಪೇಸ್ ಬದಲು ಎರಡು ಮಾನಿಟರ್ ಇಟ್ಟುಕೊಳ್ಳುವುದೂ ಒಳ್ಳೆಯ ಪರಿಹಾರವೇ, ಆದರೆ ಅದಕ್ಕೆ ಹಣವೂ ಜಾಗವೂ ಬೇಕು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಂಥ ಊರುಗಳಲ್ಲಿ ಒಂದೇ ಪರದೆಯ ಮುಂದೆ ಪಹಣಿ, ಜಾತಿ ಪ್ರಮಾಣಪತ್ರ, ವಿದ್ಯಾರ್ಥಿವೇತನ ಎಂದು ಸರದಿ ಹತ್ತಿದ ಜನರ ಕೆಲಸ ಮಾಡಿಕೊಡುವವರಿಗೆ ಖರ್ಚಿಲ್ಲದ ದಾರಿ ಕೈಯಡಿಯಲ್ಲೇ ಇದೆ. ವಿಂಡೋಸ್ 10ರಲ್ಲಿ ವಿಂಡೋಸ್, ಕಂಟ್ರೋಲ್ ಮತ್ತು ‘ಡಿ’ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಹೊಸ ವರ್ಕ್‌ಸ್ಪೇಸ್ ತೆರೆಯುತ್ತದೆ. ‘ಡಿ’ ಬದಲು ಎಡ ಬಲದ ಬಾಣಗಳನ್ನು ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ದಾಟಬಹುದು. ಒಬ್ಬರ ಅರ್ಜಿ ಇನ್ನೊಬ್ಬರದರ ಜೊತೆ ಸಿಕ್ಕುಬೀಳದೆ ಅದರದರ ಎಳೆಯಲ್ಲೇ ಉಳಿಯಲು ಅಷ್ಟು ಸಾಕು.