ನಿಮಗಿದು ಗೊತ್ತೇ? ಟ್ರ್ಯಾಕ್ಟರ್ ಹಿಂದಿನ ಹುಲ್ಲುಕತ್ತರಿ

ಅಮೆರಿಕದ ಹುಲ್ಲುಹಾಸುಗಳನ್ನೆಲ್ಲ ಒಂದೆಡೆ ಹಾಸಿದರೆ ಎಷ್ಟಾದೀತು? 2005ರಲ್ಲಿ ಕ್ರಿಸ್ಟೀನಾ ಮಿಲೇಸಿ ಎಂಬ ವಿಜ್ಞಾನಿ ನಾಸಾದಲ್ಲಿ ಕೂತು ಉಪಗ್ರಹ ಚಿತ್ರಗಳ ನೆರವಿನಿಂದ ಈ ಲೆಕ್ಕ ಹಾಕಿದರು. ಕಡಿಮೆಯೆಂದರೂ ಸುಮಾರು 1.28 ಲಕ್ಷ ಚದರ ಕಿಲೋಮೀಟರ್. ನಮ್ಮ ಕರ್ನಾಟಕದ ಮೂರರಲ್ಲಿ ಎರಡು ಪಾಲು! ಆ ದೇಶದಲ್ಲಿ ನೀರು ಹಾಯಿಸಿ ಬೆಳೆಯುವ ಮೆಕ್ಕೆಜೋಳಕ್ಕಿಂತ ಮೂರು ಪಟ್ಟು ನೆಲವನ್ನು ಹುಲ್ಲುಹಾಸು ಹಿಡಿದಿದೆ.

ಪೇಟೆಯ ಮನೆಯಂಗಳಕ್ಕೆ ಕೈಯಲ್ಲಿ ತಳ್ಳುವ ಯಂತ್ರ ಸಾಕು. ಊರಾಚೆ ಮೂರು, ಐದು, ಹತ್ತು ಎಕರೆ ಕೊಂಡು ಮನೆ ಕಟ್ಟಿಕೊಂಡವರ ಪಾಡೇ ಬೇರೆ. ವಸಂತದಿಂದ ಶರತ್ಕಾಲದವರೆಗೆ ವಾರ ವಾರವೂ ಹುಲ್ಲು ಕತ್ತರಿಸಲೇಬೇಕು. ಅವರ ಕೊಟ್ಟಿಗೆಯಲ್ಲಿ ಸಾಮಾನ್ಯವಾಗಿ ಒಂದು ಕಾಂಪ್ಯಾಕ್ಟ್ ಟ್ರ್ಯಾಕ್ಟರ್ ಇರುತ್ತದೆ. ನಮ್ಮಲ್ಲಿ ಮಿನಿ ಟ್ರ್ಯಾಕ್ಟರ್ ಅನ್ನುತ್ತೇವಲ್ಲ, ಆ ಜಾತಿಯದು. ಅದರ ಹಿಂದೆ ಕಟ್ಟುವ, ನುಣುಪಾಗಿ ಹುಲ್ಲು ಕತ್ತರಿಸುವ ಸಲಕರಣೆಯ ಹೆಸರು ಫಿನಿಶ್ ಮೋವರ್.

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಜನ ಆಸೆಪಟ್ಟು ಬೆಳೆಸುವ ಬರ್ಮುಡಾ ಹುಲ್ಲು ಯಾವುದು ಗೊತ್ತೇ? ನಮ್ಮ ಗರಿಕೆ! ಚೌತಿಯ ದಿನ ಗಣಪನಿಗೆ ಏರಿಸುವ ಅದೇ ಗರಿಕೆ. ಹೊಲದಲ್ಲಿ ಬಂದರೆ ನಮ್ಮ ರೈತ ಅದನ್ನು ಬೇರುಸಹಿತ ಕಿತ್ತು ಬದುವಿನಾಚೆ ಎಸೆಯುತ್ತಾನೆ. ಟೆಕ್ಸಾಸ್, ಜಾರ್ಜಿಯಾದ ಮನೆಯೊಡೆಯ ಅದನ್ನೇ ದುಡ್ಡು ಕೊಟ್ಟು ತಂದು ಹಾಸುತ್ತಾನೆ.

ಹುಲ್ಲಿನ ಜಾತಿ ಗೊತ್ತಿಲ್ಲದೆ ಯಂತ್ರ ಆರಿಸಬಾರದು. ಗರಿಕೆಯನ್ನು ಒಂದೆರಡು ಇಂಚಿಗೆ ಇಳಿಸಿದರೂ ಚೆನ್ನಾಗಿಯೇ ಇರುತ್ತದೆ. ತಂಪು ಸೀಮೆಯ ಟಾಲ್ ಫೆಸ್ಕ್ಯೂ ಹುಲ್ಲಿಗೆ ಮೂರು ಇಂಚಾದರೂ ಎತ್ತರ ಬೇಕು. ನೀವು ನೋಡುತ್ತಿರುವ ಮೋವರ್ ನಿಮ್ಮ ಹುಲ್ಲಿಗೆ ಬೇಕಾದ ಎತ್ತರಕ್ಕೆ ಹೊಂದುತ್ತದೆಯೇ ಎಂಬುದು ಮೊದಲ ಪ್ರಶ್ನೆ. ಎತ್ತರ ಎಷ್ಟೇ ಇರಲಿ, ಒಂದು ಸಲಕ್ಕೆ ಎಸಳಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು.

ಹುಲ್ಲು ಕತ್ತರಿಸುವ ಯಂತ್ರ ಹುಟ್ಟಿದ್ದು ಬಟ್ಟೆ ಗಿರಣಿಯಲ್ಲಿ! ಇಂಗ್ಲೆಂಡಿನ ಸ್ಟ್ರೌಡ್ ಬಳಿಯ ಎಡ್ವಿನ್ ಬಡ್ಡಿಂಗ್ ಎಂಬ ಯಂತ್ರತಜ್ಞ ಉಣ್ಣೆಬಟ್ಟೆಯ ಮೇಲಿನ ಜುಂಗನ್ನು ಸವರುವ ಯಂತ್ರವನ್ನು ನೋಡಿದ. ಅದೇ ಉಪಾಯವನ್ನು ನೆಲದ ಹುಲ್ಲಿಗೆ ಹಚ್ಚಿ 1830ರಲ್ಲಿ ಪೇಟೆಂಟ್ ಪಡೆದ. ಮೊದಲ ಯಂತ್ರದ ಅಗಲ 19 ಇಂಚು. ಅದಕ್ಕೂ ಮುಂಚೆ ಶ್ರೀಮಂತರ ತೋಟಗಳಲ್ಲಿ ಆಳುಗಳು ಸಾಲಾಗಿ ನಿಂತು ಉದ್ದ ಹಿಡಿಯ ಕುಡುಗೋಲು ಬೀಸುತ್ತಿದ್ದರು. ಆಮೇಲೆ ಕುದುರೆ ಎಳೆಯುವ ಯಂತ್ರಗಳು ಬಂದವು. ಗೊರಸಿನ ಗುರುತು ಬೀಳದಿರಲೆಂದು ಆ ಕುದುರೆಗಳ ಕಾಲಿಗೆ ಚರ್ಮದ ಬೂಟು ತೊಡಿಸುತ್ತಿದ್ದರು.

ಬಡ್ಡಿಂಗ್‌ನ ಯಂತ್ರ ಕತ್ತರಿಯಂತೆ: ಸುತ್ತುವ ಅಲಗು, ಕೆಳಗೊಂದು ಸ್ಥಿರ ಅಲಗು, ನಡುವೆ ಸಿಕ್ಕ ಎಸಳು ತುಂಡು. ಫಿನಿಶ್ ಮೋವರ್ ಹಾಗಲ್ಲ. ಅದು ಮಚ್ಚಿನಂತೆ, ಬೀಸಿ ಹೊಡೆದೇ ಕಡಿಯುತ್ತದೆ. ಎಸಳು ಬಾಗುವ ಮೊದಲೇ ತುಂಡಾಗಬೇಕಾದರೆ ಅಲಗಿಗೆ ಭಾರಿ ವೇಗ ಬೇಕು. ಈ ಯಂತ್ರಗಳ ಬ್ಲೇಡಿನ ತುದಿಗೆ ಅಮೆರಿಕದ ಸುರಕ್ಷತಾ ಮಾನದಂಡ ಇಟ್ಟಿರುವ ಗರಿಷ್ಠ ಮಿತಿ ನಿಮಿಷಕ್ಕೆ 19,000 ಅಡಿ. ಅಂದರೆ ಗಂಟೆಗೆ ಸುಮಾರು 347 ಕಿಲೋಮೀಟರ್! ಆ ತಗಡಿನ ಮುಚ್ಚಳದಡಿ ಏನು ತಿರುಗುತ್ತಿದೆ ಎಂಬುದು ಸೀಟಿನಲ್ಲಿ ಕೂತವರಿಗೆ ಸದಾ ನೆನಪಿರಬೇಕು.

ಮೊಂಡು ಬ್ಲೇಡು ಹುಲ್ಲನ್ನು ಕಡಿಯುವುದಿಲ್ಲ, ಹರಿಯುತ್ತದೆ. ಎರಡೇ ದಿನಕ್ಕೆ ಹರಿದ ತುದಿಗಳೆಲ್ಲ ಕಂದಿ ಇಡೀ ಹಾಸು ಬೂದುಬಣ್ಣಕ್ಕೆ ತಿರುಗುತ್ತದೆ. ಗೊಬ್ಬರ ಸಾಲದು ಎಂದು ಜನ ತಪ್ಪು ತಿಳಿಯುತ್ತಾರೆ. ಬೇಕಿರುವುದು ಸಾಣೆ. ಸಾಣೆ ಹಿಡಿಸಿದ ಬ್ಲೇಡನ್ನು ನಡುವಿನ ತೂತಿನಿಂದ ಒಂದು ಮೊಳೆಗೆ ತೂಗುಹಾಕಿ ನೋಡಿ. ಒಂದು ಕಡೆ ವಾಲಿದರೆ ಆ ಕಡೆ ಇನ್ನಷ್ಟು ಉಜ್ಜಬೇಕು. ತೂಕ ತಪ್ಪಿದ ಬ್ಲೇಡು ಬೇರಿಂಗನ್ನು ತಿಂದುಹಾಕುತ್ತದೆ.

ಇನ್ನು, ಅತಿ ಹೆಚ್ಚು ಜನ ಎಡವುವ ಜಾಗ. ಟ್ರ್ಯಾಕ್ಟರ್ ಹಿಂದೆ ಕಟ್ಟುವ ಹುಲ್ಲಿನ ಯಂತ್ರಗಳಲ್ಲಿ ಎರಡು ಮುಖ್ಯ ಬಗೆ. ಒಂದು ರೋಟರಿ ಕಟ್ಟರ್. ಅಲಬಾಮಾದ ಸೆಲ್ಮಾ ಊರಿನ ಬುಷ್ ಹಾಗ್ ಕಂಪನಿಯ ಯಂತ್ರ ಎಷ್ಟು ಹೆಸರಾಯಿತೆಂದರೆ, ಯಾವ ಕಂಪನಿಯದ್ದಾದರೂ ಅಮೆರಿಕದ ರೈತರು ಅದನ್ನು ಬುಷ್ ಹಾಗ್ ಎಂದೇ ಕರೆಯುತ್ತಾರೆ. ಅದರ ದಪ್ಪ ಬ್ಲೇಡುಗಳು ಒಂದು ಬೋಲ್ಟಿನ ಮೇಲೆ ಸಡಿಲವಾಗಿ ತೂಗುತ್ತವೆ. ಬೊಡ್ಡೆಗೋ ಕಲ್ಲಿಗೋ ತಾಗಿದರೆ ಹಿಂದಕ್ಕೆ ಮಡಚಿಕೊಂಡು ಪಾರಾಗುತ್ತವೆ. ಪೊದೆ, ಕಳೆ, ಎಳೆಯ ಗಿಡ, ಸೊಂಟದೆತ್ತರದ ಹುಲ್ಲು, ಎಲ್ಲವನ್ನೂ ಕೊಚ್ಚುತ್ತದೆ. ನುಣುಪನ್ನು ಮಾತ್ರ ಕೇಳಬೇಡಿ.

ಇನ್ನೊಂದು ನಮ್ಮ ಫಿನಿಶ್ ಮೋವರ್. ಸಾಮಾನ್ಯವಾಗಿ ಮೂರು ಬ್ಲೇಡು, ಅವು ಬೆಲ್ಟಿನಿಂದ ತಿರುಗುತ್ತವೆ. ಒಂದರ ಸುತ್ತಿನ ಅಂಚಿನ ಮೇಲೆ ಇನ್ನೊಂದರ ಸುತ್ತು ಹಾಯುವುದರಿಂದ ನಡುವೆ ಹುಲ್ಲಿನ ಗೆರೆ ಉಳಿಯುವುದಿಲ್ಲ. ಬ್ಲೇಡುಗಳು ಬಿಗಿಯಾಗಿ ಕೂತಿರುತ್ತವೆ, ಮಡಚಿಕೊಳ್ಳಲಾರವು. ಬೊಡ್ಡೆಗೆ ಹೊಡೆದರೆ ಬ್ಲೇಡು ಬಾಗಬಹುದು, ಅದನ್ನು ಹಿಡಿದ ಸ್ಪಿಂಡಲ್ ಕೆಡಬಹುದು. ವರ್ಷಕ್ಕೆರಡು ಸಲ ಮಾತ್ರ ಕತ್ತರಿಸುವ ಒರಟು ಹುಲ್ಲುಗಾವಲಿಗೆ ಫಿನಿಶ್ ಮೋವರ್ ಕೊಳ್ಳುವುದು ತಪ್ಪು. ವಾರ ವಾರ ಓಡಾಡುವ ಅಂಗಳಕ್ಕೆ ರೋಟರಿ ಕಟ್ಟರ್ ಕೊಳ್ಳುವುದೂ ಅಷ್ಟೇ ತಪ್ಪು. ಎರಡೂ ತರಹದ ನೆಲ ಇರುವವರು ಎರಡನ್ನೂ ಇಟ್ಟುಕೊಳ್ಳುವುದೇ ಸರಿ. ಒಂದರಲ್ಲೇ ನಿಭಾಯಿಸಲು ಹೋದರೆ ಕೊನೆಗೆ ಖರ್ಚು ಹೆಚ್ಚು.

ರೋಟಾವೇಟರ್ ಹೊಡೆಸಿದವರಿಗೆ ಪಿಟಿಒ ಗೊತ್ತೇ ಇದೆ. ಟ್ರ್ಯಾಕ್ಟರಿನ ಹಿಂದೆ ಚಾಚಿರುವ, ಎಂಜಿನ್ನಿನ ಬಲವನ್ನು ಸಲಕರಣೆಗೆ ದಾಟಿಸುವ, ಹಲ್ಲು ಕೊರೆದ ಆ ಗಿಡ್ಡ ದಂಡದ ವೇಗವನ್ನು ಅಮೆರಿಕದ ಕೃಷಿ ಎಂಜಿನಿಯರುಗಳು 1927ರಲ್ಲೇ ಗೊತ್ತುಮಾಡಿದರು. ಅದು ಮುಂದೆ ನಿಮಿಷಕ್ಕೆ 540 ಸುತ್ತು ಎಂದು ನೆಲೆನಿಂತಿತು. ದೊಡ್ಡಬಳ್ಳಾಪುರದ ಹೊಲದಲ್ಲೂ ಟೆನೆಸ್ಸಿಯ ಅಂಗಳದಲ್ಲೂ ಇಂದಿಗೂ ಅದೇ ಸಂಖ್ಯೆ. ಆ 540ನ್ನು ಮೋವರ್‌ನ ಗೇರ್‌ಬಾಕ್ಸು, ಬೆಲ್ಟು ಸೇರಿ ಐದಾರು ಪಟ್ಟು ಏರಿಸಿ ಬ್ಲೇಡಿಗೆ ಕೊಡುತ್ತವೆ.

ಎಂಜಿನ್ನಿನ ಎಚ್‌ಪಿ ಬೇರೆ, ಪಿಟಿಒ ಎಚ್‌ಪಿ ಬೇರೆ. ಬಾನೆಟ್ಟಿನ ಮೇಲಿನ ಸಂಖ್ಯೆ ನೋಡಿ ಮೋವರ್ ಆರಿಸಿದವರು ಮೋಸಹೋಗುತ್ತಾರೆ. ಸುಮಾರು 24 ಎಚ್‌ಪಿ ಎಂಜಿನ್ನಿನ ಪುಟ್ಟ ಟ್ರ್ಯಾಕ್ಟರಿನಲ್ಲಿ ಪಿಟಿಒ ತಲುಪುವುದು 18ರ ಆಸುಪಾಸು. ಉಳಿದದ್ದು ಪಂಪಿಗೆ, ಹೈಡ್ರೋಸ್ಟಾಟಿಕ್ ಗೇರಿಗೆ ಹೋಯಿತು. ಮೋವರ್‌ನ ಅಗಲದ ಪ್ರತಿ ಅಡಿಗೆ ನಾಲ್ಕು ಪಿಟಿಒ ಎಚ್‌ಪಿ ಹಿಡಿಯುವುದು ಬಳಕೆಯ ಲೆಕ್ಕ. 18 ಎಚ್‌ಪಿಗೆ ನಾಲ್ಕು ಅಡಿ ನಿರಾಯಾಸ, ಐದು ಅಡಿ ತುಸು ಬಿಗಿ, ಆರು ಅಡಿ ಬೇಡ. ಮಳೆ ಬಂದು ಹುಲ್ಲು ದಟ್ಟವಾದ ವಾರ ಆರಡಿಯ ಮೋವರ್ ಹೊತ್ತ ಪುಟ್ಟ ಎಂಜಿನ್ನು ಉಸಿರುಗಟ್ಟುವುದನ್ನು ಕೇಳಿದರೆ ಯಾಕೆಂದು ತಿಳಿಯುತ್ತದೆ.

ಅಗಲಕ್ಕೆ ಇನ್ನೊಂದು ಲೆಕ್ಕವೂ ಉಂಟು, ಇದನ್ನು ಮರೆಯುವವರೇ ಹೆಚ್ಚು. ಮೋವರ್ ಹಿಂದಿರುವುದರಿಂದ ಟೈರು ಮೊದಲು ಹುಲ್ಲನ್ನು ತುಳಿಯುತ್ತದೆ, ಕತ್ತರಿ ಆಮೇಲೆ ಬರುತ್ತದೆ. ಹಿಂಬದಿಯ ಟೈರುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಟೇಪು ಹಿಡಿದು ಅಳೆಯಿರಿ. ಮೋವರ್ ಅದಕ್ಕಿಂತ ಅಗಲವಿರಲೇಬೇಕು. ಇಲ್ಲದಿದ್ದರೆ ಬೇಲಿಯ ಪಕ್ಕದ ಹುಲ್ಲು ಎಂದೂ ಬ್ಲೇಡಿಗೆ ಸಿಗುವುದಿಲ್ಲ.

ಐದು ಅಡಿ ಮೋವರ್ ಗಂಟೆಗೆ ಆರು ಕಿಲೋಮೀಟರಿನಷ್ಟು ವೇಗದಲ್ಲಿ ಹೋದರೆ, ತಿರುವು, ಒಂದರ ಮೇಲೊಂದು ಹಾಯುವ ಪಟ್ಟೆ ಎಲ್ಲ ಕಳೆದು ಗಂಟೆಗೆ ಎರಡು ಎಕರೆಯ ಹತ್ತಿರ ಮುಗಿಯುತ್ತದೆ. ಅಗಲವನ್ನು ಒಂದಡಿ ಹೆಚ್ಚಿಸಿದರೆ ಐದು ಎಕರೆಯಲ್ಲಿ ಉಳಿಯುವುದು ಅರ್ಧ ಗಂಟೆಯೂ ಅಲ್ಲ. ಅದಕ್ಕಾಗಿ ಮರಗಳ ನಡುವೆ ನುಸುಳುವ ಸೌಕರ್ಯ ಬಿಟ್ಟುಕೊಡಬೇಕೇ ಎಂದು ಮೊದಲೇ ಯೋಚಿಸಿ.

ನೇಗಿಲನ್ನೋ ಮೋವರನ್ನೋ ಮೂರು ತೋಳುಗಳಲ್ಲಿ ಟ್ರ್ಯಾಕ್ಟರಿಗೆ ಹಿಡಿಸುವ ಏರ್ಪಾಡು ಯಾರದು ಗೊತ್ತೇ? ಉತ್ತರ ಐರ್ಲೆಂಡಿನ ಹ್ಯಾರಿ ಫರ್ಗುಸನ್‌ದು. ತಾನೇ ಕಟ್ಟಿದ ವಿಮಾನವನ್ನು 1909ರ ಡಿಸೆಂಬರ್ 31ರಂದು ಹಾರಿಸಿ, ಐರ್ಲೆಂಡಿನಲ್ಲಿ ಮೊದಲು ಹಾರಿದವನೆನಿಸಿಕೊಂಡ ಮನುಷ್ಯ. 1938ರಲ್ಲಿ ಹೆನ್ರಿ ಫೋರ್ಡ್ ಜತೆ ಬರೀ ಕೈಕುಲುಕಿ ಒಪ್ಪಂದ ಮಾಡಿಕೊಂಡ, ಕಾಗದವಿಲ್ಲ, ಸಹಿಯಿಲ್ಲ. ಮರುವರ್ಷ ಫೋರ್ಡ್ 9ಎನ್ ಟ್ರ್ಯಾಕ್ಟರ್ ಬಂತು. ಫೋರ್ಡ್ ಕಾಲವಾದ ವರ್ಷ, 1947ರಲ್ಲಿ, ಆ ಮಾತು ಮುರಿಯಿತು, ಆಮೇಲೆ ಮೊಕದ್ದಮೆಯಾಯಿತು. 1952ರಲ್ಲಿ ಫರ್ಗುಸನ್ನನಿಗೆ 92.5 ಲಕ್ಷ ಡಾಲರ್ ಸಿಕ್ಕಿತು. ಆ ಮೂರು ತೋಳುಗಳು ಮಾತ್ರ ಇಂದು ಜಗತ್ತಿನ ಹೆಚ್ಚುಕಡಿಮೆ ಎಲ್ಲ ಕಂಪನಿಗಳ ಟ್ರ್ಯಾಕ್ಟರುಗಳ ಬೆನ್ನಲ್ಲೂ ಇವೆ. ಕಾಂಪ್ಯಾಕ್ಟ್ ಟ್ರ್ಯಾಕ್ಟರಿಗೆ ಬೇಕಾದದ್ದು ಕೆಟಗರಿ 1ರ ಪಿನ್ನು. ಕೊಳ್ಳುವಾಗ ಅದನ್ನು ಕೇಳಿ ಖಚಿತಪಡಿಸಿಕೊಳ್ಳಿ.

ಮೋವರ್ ಟ್ರ್ಯಾಕ್ಟರಿಗೆ ನೇತುಬಿದ್ದು ಓಡಬಾರದು. ತನ್ನ ನಾಲ್ಕು ಪುಟ್ಟ ಗಾಲಿಗಳ ಮೇಲೆ ತಾನೇ ನಿಂತು ನೆಲದ ಉಬ್ಬುತಗ್ಗಿಗೆ ಸರಿಯಾಗಿ ಏರಿಳಿಯಬೇಕು. ಮೂರು ತೋಳುಗಳಲ್ಲಿ ಮೇಲಿನದಾದ ಟಾಪ್ ಲಿಂಕ್ ಬಿಗಿಯಾಗಿದ್ದರೆ ಟ್ರ್ಯಾಕ್ಟರಿನ ಮುಂದಿನ ಚಕ್ರ ಗುಂಡಿಗೆ ಇಳಿದಾಗಲೆಲ್ಲ ಹಿಂದಿನ ಮೋವರ್ ಮೇಲೆದ್ದು ಹುಲ್ಲು ಬಿಟ್ಟುಹೋಗುತ್ತದೆ. ಅದಕ್ಕೇ ಒಳ್ಳೆಯ ಮೋವರ್‌ಗಳಲ್ಲಿ ಟಾಪ್ ಲಿಂಕ್ ಕೂರುವ ಜಾಗದಲ್ಲಿ ಆಡುವ ಕೊಂಡಿ ಇರುತ್ತದೆ. ಬ್ಲೇಡಿನ ಮುಂಭಾಗ ಹಿಂಭಾಗಕ್ಕಿಂತ ಕಾಲಿಂಚು ತಗ್ಗಿರಲಿ. ಒಮ್ಮೆ ಕಡಿದ ಹುಲ್ಲನ್ನು ಮತ್ತೆ ಎಳೆದಾಡುವುದು ತಪ್ಪುತ್ತದೆ.

ಕತ್ತರಿಸಿದ ಹುಲ್ಲು ಪಕ್ಕಕ್ಕೆ ಬೀಳಬೇಕೋ ಹಿಂದಕ್ಕೋ? ನನ್ನ ಮತ ಹಿಂದಕ್ಕೆ. ಪಕ್ಕಕ್ಕೆ ಉಗುಳುವ ಯಂತ್ರ ಒಂದೇ ಸಾಲಿನಲ್ಲಿ ಹುಲ್ಲು ಗುಡ್ಡೆಹಾಕುತ್ತದೆ, ಹೂವಿನ ಪಾತಿಯ ಮೇಲೂ ಎರಚುತ್ತದೆ. ಹಿಂದಕ್ಕೆ ಬಿಡುವುದು ಸಮನಾಗಿ ಹರಡುತ್ತದೆ, ಕಲ್ಲು ಸಿಡಿದರೂ ಪಕ್ಕದ ಕಾರಿನ ಗಾಜಿನ ಕಡೆ ಸಿಡಿಯುವುದು ಕಡಿಮೆ.

ಟ್ರ್ಯಾಕ್ಟರಿನ ಹೊಟ್ಟೆಯಡಿ, ಮುಂದಿನ ಹಿಂದಿನ ಚಕ್ರಗಳ ನಡುವೆ ಕಟ್ಟುವ ಮೋವರ್ ಕೂಡ ಇದೆ. ಅದಕ್ಕೆ ನಿಮಿಷಕ್ಕೆ 2,000 ಸುತ್ತಿನ ಬೇರೆಯದೇ ಪಿಟಿಒ. ಹೂವಿನ ಮಡಿಯ ಸುತ್ತ ತಿರುಗಲು ಅದು ಚೆಂದ. ಆದರೆ ಬಾಗಿದ ಕೊಂಬೆಯ ಕೆಳಗೆ, ಬೇಲಿಯ ಮೂಲೆಗೆ ಹಿಮ್ಮುಖವಾಗಿ ನುಗ್ಗಿ ಕತ್ತರಿಸಲು ಹಿಂದಿನ ಮೋವರ್‌ನಷ್ಟು ಅನುಕೂಲ ಇನ್ನೊಂದಿಲ್ಲ. ಕಳಚಿಡುವುದೂ ನಿಮಿಷಗಳ ಕೆಲಸ.

ಈ ಪುಟ್ಟ ಟ್ರ್ಯಾಕ್ಟರುಗಳು ಅಲ್ಲಿಗೆ ಎಲ್ಲಿಂದ ಬಂದವು ಗೊತ್ತೇ? ಜಪಾನಿನ ಕುಬೋಟಾ 1890ರಲ್ಲಿ ಒಸಾಕಾದಲ್ಲಿ ಎರಕದ ಕೆಲಸದಿಂದ ಆರಂಭವಾದ ಕಂಪನಿ. 1969ರಲ್ಲಿ 21 ಎಚ್‌ಪಿಯ ಎಲ್200 ಟ್ರ್ಯಾಕ್ಟರನ್ನು ಅಮೆರಿಕಕ್ಕೆ ತಂದಿತು. ಭತ್ತದ ಗದ್ದೆಗೆಂದು ಚಿಕ್ಕದಾಗಿ ಮಾಡಿದ ಜಪಾನಿ ಟ್ರ್ಯಾಕ್ಟರುಗಳೇ ಅಮೆರಿಕದ ಅಂಗಳಕ್ಕೂ ಒದಗಿಬಂದವು. ನಮ್ಮ ಮಹೀಂದ್ರ 1994ರಿಂದ ಅಲ್ಲಿದೆ. ಬೆಂಗಳೂರಿನ ವಿಎಸ್‌ಟಿ ಕಂಪನಿ ಕೂಡ 1967ರಲ್ಲಿ ಜಪಾನಿನ ಮಿತ್ಸುಬಿಷಿ ಜತೆಗೂಡಿಯೇ ಟಿಲ್ಲರ್ ಮಾಡಲು ಆರಂಭಿಸಿದ್ದು.

ಉಳುಮೆಯ ಟೈರಿನಲ್ಲಿ ಹುಲ್ಲುಹಾಸಿಗೆ ಇಳಿಯಬೇಡಿ. ಎತ್ತರದ ಗುಬ್ಬಿಗಳುಳ್ಳ ಆರ್1 ಟೈರು ತಿರುವಿನಲ್ಲಿ ಹುಲ್ಲನ್ನು ಬೇರಿನಿಂದ ಕೀಳುತ್ತದೆ. ಹುಲ್ಲಿಗೆಂದೇ ಇರುವುದು ಆರ್3.

ಫೋರ್ಡ್ 8ಎನ್‌ನಂಥ ಹಳೆಯ ಟ್ರ್ಯಾಕ್ಟರ್ ಇಟ್ಟುಕೊಂಡವರು ಇದನ್ನು ಎರಡು ಸಲ ಓದಿ. ಅವುಗಳಲ್ಲಿ ಪಿಟಿಒಗೂ ಚಕ್ರಕ್ಕೂ ಒಂದೇ ಕ್ಲಚ್ಚು. ಕ್ಲಚ್ ತುಳಿದರೂ ಗಿರಗಿರನೆ ತಿರುಗುವ ಬ್ಲೇಡಿನ ಭಾರ ಪಿಟಿಒ ಮೂಲಕ ಹಿಂದಿರುಗಿ ಚಕ್ರವನ್ನು ತಳ್ಳುತ್ತಲೇ ಇರುತ್ತದೆ. ಬ್ರೇಕ್ ಹಾಕಿದರೂ ಟ್ರ್ಯಾಕ್ಟರ್ ಬೇಲಿಗೆ ನುಗ್ಗುತ್ತದೆ. ಇದನ್ನು ತಡೆಯಲು ಓವರ್‌ರನ್ನಿಂಗ್ ಕ್ಲಚ್ ಎಂಬ ಒಂದು ಸಣ್ಣ ಭಾಗ ಸಿಗುತ್ತದೆ. ಹಾಕಿಸದೆ ಓಡಿಸಬೇಡಿ.

ಅಮೆರಿಕದಲ್ಲಿ ಟ್ರ್ಯಾಕ್ಟರಿನಿಂದಾಗುವ ಸಾವುಗಳಿಗೆ ಮಗುಚುವುದೇ ಮೊದಲ ಕಾರಣ. ಸೀಟಿನ ಹಿಂದಿನ ರಕ್ಷಣಾ ಕಮಾನನ್ನು ಹೊಸ ಟ್ರ್ಯಾಕ್ಟರುಗಳಿಗೆ ಸ್ವೀಡನ್ 1959ರಲ್ಲೇ ಕಡ್ಡಾಯ ಮಾಡಿತು. ಮರದಡಿ ಹುಲ್ಲು ಕತ್ತರಿಸಲೆಂದು ಕಮಾನನ್ನು ಮಡಚಿ, ಮತ್ತೆ ಎತ್ತಲು ಮರೆಯುವವರು ಬಹಳ. ಕಮಾನು ಎತ್ತಿರುವಾಗ ಸೀಟ್‌ಬೆಲ್ಟ್ ಕಟ್ಟಲೇಬೇಕು, ಮಡಚಿರುವಾಗ ಕಟ್ಟಬಾರದು. ಎತ್ತಿದ ಮೋವರ್ ಮುಂದಿನ ಚಕ್ರವನ್ನು ಹಗುರ ಮಾಡುತ್ತದೆ. ಇಳಿಜಾರಿನಲ್ಲಿ ಸ್ಟೀರಿಂಗ್ ಹಿಡಿತ ಸಿಗಬೇಕಾದರೆ ಮುಂದೆ ತೂಕ ಕಟ್ಟಿಸಿ.

ಹದಿನಾರು ತುಂಬದ ಮಕ್ಕಳು ಕೂತು ಓಡಿಸುವ ಮೋವರ್ ಮುಟ್ಟಬಾರದು ಎನ್ನುತ್ತದೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ. ಆರರೊಳಗಿನವರು ಆ ಹೊತ್ತು ಮನೆಯೊಳಗೇ ಇರಲಿ. ಅಜ್ಜನ ತೊಡೆಯ ಮೇಲೆ ಮೊಮ್ಮಗುವನ್ನು ಕೂರಿಸಿಕೊಂಡು ಒಂದು ಸುತ್ತು ಹಾಕುವ ಪ್ರೀತಿ ಅರ್ಥವಾಗುತ್ತದೆ. ದಯವಿಟ್ಟು ಬೇಡ.

ಪಿಟಿಒ ಆಫ್ ಮಾಡಿದ ಮೇಲೂ ಬ್ಲೇಡು ಕೆಲವು ಸೆಕೆಂಡು ತಿರುಗುತ್ತಲೇ ಇರುತ್ತದೆ. ಎಂಜಿನ್ ನಿಲ್ಲಿಸಿ, ಕೀ ತೆಗೆದು ಜೇಬಿಗೆ ಹಾಕಿ, ಬ್ಲೇಡು ಪೂರ್ತಿ ನಿಂತ ಮೇಲಷ್ಟೇ ಸೀಟಿನಿಂದ ಇಳಿಯಿರಿ.