ವೆನಿಸ್ ಪಟ್ಟಣದಲ್ಲಿ ಗಾಲಿಕುರ್ಚಿಯೊಡನೆ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಪರದೇಶಗಳಲ್ಲಿ ಸಂಸಾರ ಹೂಡಿಕೊಂಡಿರುವರು. ವಯಸ್ಸಾದ ತಂದೆತಾಯಿಗಳಿಗೆ ಯೂರೋಪಖಂಡವನ್ನು ಒಮ್ಮೆ ತೋರಿಸಬೇಕೆಂಬ ಆಶೆಯುಂಟು, ಆದರೆ ನಡೆಯಲಾರದವರನ್ನು ಕರೆದೊಯ್ಯುವದು ಹೇಗೆ ಎಂದು ಅವರು ನಮ್ಮನ್ನು ಕೇಳುವದುಂಟು. ಕಳೆದ ಬೇಸಗೆಯ ರಜೆಯಲ್ಲಿ ನಾವು ನಮ್ಮ ತಾಯಿಯವರನ್ನೂ ತಮ್ಮನ ಸಂಸಾರವನ್ನೂ ಕೂಡಿಕೊಂಡು ಇಟಲಿ ದೇಶದ ವೆನಿಸ್ ಪಟ್ಟಣವನ್ನು ನೋಡಿ ಬಂದೆವು. ತಾಯಿಯವರಿಗೆ 78 ವರುಷ. ಮೊಣಕಾಲುಗಳು ಸೋತದ್ದರಿಂದ ಗಾಲಿಕುರ್ಚಿಯೇ ಗತಿ. ಆದಕಾರಣ ಆ ಪಟ್ಟಣದ ವಿಷಯವಾಗಿ ಉಪಯೋಗಕ್ಕೆ ಬರತಕ್ಕ ಕೆಲವು ಸಂಗತಿಗಳನ್ನು ಇಲ್ಲಿ ಬರೆಯುತ್ತೇವೆ.

ವೆನಿಸ್ ನೂರಕ್ಕೂ ಮಿಕ್ಕ ಚಿಕ್ಕ ದ್ವೀಪಗಳ ಮೇಲೆ ಕಟ್ಟಲ್ಪಟ್ಟ ಪಟ್ಟಣ. ದ್ವೀಪಗಳ ನಡುವೆ ಕಾಲುವೆಗಳು, ಅವುಗಳನ್ನು ದಾಟುವದಕ್ಕೆ 400ಕ್ಕೂ ಹೆಚ್ಚು ಸೇತುವೆಗಳು. ಬಸ್ಸುಗಳೂ ಮೋಟಾರುಗಳೂ ಪಿಯಾತ್ಸಾಲೆ ರೋಮಾ ಎಂಬ ಚೌಕದವರೆಗೆ ಮಾತ್ರ ಬರುವವು. ಅಲ್ಲಿಂದ ಮುಂದೆ ಕಾಲ್ನಡಿಗೆ, ಇಲ್ಲವೆ ದೋಣಿ. ಸೇತುವೆಗಳ ಅಡಿಯಲ್ಲಿ ದೋಣಿಗಳು ಹಾಯಬೇಕಾದುದರಿಂದ ಅವು ಬಿಲ್ಲಿನಂತೆ ಬಾಗಿದ್ದು, ಹೆಚ್ಚಿನವುಗಳಿಗೆ ಎರಡು ಕಡೆಯಲ್ಲಿಯೂ ಮೆಟ್ಟಲುಗಳುಂಟು. ಗಾಲಿಕುರ್ಚಿಯವರಿಗೆ ಇದಕ್ಕಿಂತ ಕೆಟ್ಟ ಊರು ಲೋಕದಲ್ಲಿಲ್ಲವೆಂದು ನಮ್ಮ ಬಂಧುಗಳೆಲ್ಲರೂ ಅಂದರು. ಸಂಗತಿ ಹಾಗಲ್ಲ. ಮೆಟ್ಟಲುಗಳಿರುವದು ಸೇತುವೆಗಳಲ್ಲಿ, ದ್ವೀಪದ ಒಳಗಿನ ನೆಲವು ಬಹುಮಟ್ಟಿಗೆ ಸಮತಟ್ಟು, ಬಂಡಿಗಳ ಭಯವೂ ಇಲ್ಲ. ಆದುದರಿಂದ ಇಲ್ಲಿ ಕೇಳತಕ್ಕ ಪ್ರಶ್ನೆಯು ‘ಎಷ್ಟು ದೂರ?’ ಎಂಬದಲ್ಲ, ‘ಸೇತುವೆಯ ಈಚೆಯೋ ಆಚೆಯೋ?’ ಎಂಬದೇ. ಐವತ್ತು ಮಾರು ದೂರದ ಮನೆಯು ಸೇತುವೆಯಾಚೆಗಿದ್ದರೆ ಅದು ನಮ್ಮ ಪಾಲಿಗಿಲ್ಲ. ಎರಡು ಮೈಲು ದೂರದ ದೇವಾಲಯವು ದೋಣಿಕಟ್ಟೆಯ ಬಳಿಯಿದ್ದರೆ ಅದು ನೆರೆಮನೆಯಂತೆಯೇ.

ಈ ದೋಣಿಗಳಿಗೆ ವಪೊರೆತ್ತೋ ಎಂದು ಹೆಸರು. ನಮ್ಮ ಊರಿನ ಬಸ್ಸುಗಳ ಹಾಗೆ ನಂಬರು ಹಾಕಿಕೊಂಡು ಕಟ್ಟೆಯಿಂದ ಕಟ್ಟೆಗೆ ಓಡಾಡುವವು. ಕಟ್ಟೆಗಳು ನೀರಿನ ಮೇಲೆ ತೇಲುವಂಥವು; ನೀರು ಏರಿದರೆ ಅವೂ ಏರುವವು, ಆದುದರಿಂದ ಕಟ್ಟೆಗೂ ದೋಣಿಗೂ ಎತ್ತರದಲ್ಲಿ ಹೆಚ್ಚಿನ ಭೇದವಿರುವದಿಲ್ಲ. ನೀರು ಬಹಳ ಇಳಿದಿರುವಾಗ ಮಾತ್ರ ದಡದಿಂದ ಕಟ್ಟೆಗೆ ಇಳಿಯುವ ದಾರಿಯು ಕಡಿದಾಗುವದು; ಆಗ ಕುರ್ಚಿಯನ್ನು ಹಿಮ್ಮುಖವಾಗಿ ಇಳಿಸತಕ್ಕದ್ದು. 1 ಮತ್ತು 2ನೆಯ ನಂಬರಿನ ದೋಣಿಗಳು ಸುಮಾರು 3.8 ಕಿಲೋಮೀಟರ್ ಉದ್ದದ ಮಹಾಕಾಲುವೆಯಲ್ಲಿ ಹೋಗುವವು. ಇವುಗಳ ನಡುಭಾಗವು ಸಮತಟ್ಟಾಗಿದ್ದು ಕುರ್ಚಿಗಳಿಗೆ ಸ್ಥಳವುಂಟು. 4.1, 5.1 ಮುಂತಾದ ಚಿಕ್ಕ ದೋಣಿಗಳಲ್ಲಿ ಒಳಗಿಳಿಯಲು ಮೆಟ್ಟಲುಗಳಿರುವದರಿಂದ ಅವುಗಳ ಗೊಡವೆ ಬೇಡ. ಗಾಲಿಕುರ್ಚಿಯವರಿಗೆ ಟಿಕೇಟಿನ ದರವು ಕಡಿಮೆ, ಜೊತೆಗಾರರೊಬ್ಬರಿಗೆ ದರವೇ ಇಲ್ಲ. ದೋಣಿಗಳ ಸಹಾಯದಿಂದ ಪಟ್ಟಣದ ನೂರರಲ್ಲಿ ಸುಮಾರು 70 ಪಾಲನ್ನು ಹೀಗೆ ಮುಟ್ಟಬಹುದೆಂದು ನಗರಸಭೆಯವರ ಲೆಕ್ಕ. ಯಾವ ಭಾಗವನ್ನು ಮುಟ್ಟಬಹುದೆಂಬದನ್ನು ತೋರಿಸುವ ನಕ್ಷೆಯನ್ನೂ ಅವರು ಮಾಡಿರುವರು.

ಬಿಡಾರದ ವಿಷಯದಲ್ಲಿ ಬಹಳ ಜಾಗ್ರತೆ ಬೇಕು. ಒಂದು ಹೋಟೆಲಿನವರು ತಮ್ಮಲ್ಲಿ ಲಿಫ್ಟೂ ಅಗಲವಾದ ಬಾಗಿಲುಗಳೂ ಉಂಟೆಂದು ನಮಗೆ ಬರೆದಿದ್ದರು. ಅದೆಲ್ಲಾ ನಿಜವೇ, ಅವರ ಬಾಗಿಲಿಗೆ ಇಪ್ಪತ್ತು ಹೆಜ್ಜೆ ಈಚೆಗೆ ಮೆಟ್ಟಲುಗಳ ಸೇತುವೆಯೊಂದಿತ್ತು, ಅದನ್ನು ಬರೆದಿರಲಿಲ್ಲ. ಇಬ್ಬರು ಕೂಲಿಯವರು ತಾಯಿಯವರನ್ನು ಕುರ್ಚಿಸಮೇತ ಎತ್ತಿ ದಾಟಿಸಿದರು. ಜನರು ನಿಂತು ನೋಡಿದರು. ಮರುದಿನ ಬೆಳಿಗ್ಗೆ ತಾಯಿಯವರು, “ಅಕ್ಕಿಮುಡಿಯಂತೆ ನನ್ನನ್ನು ಹೊರುವದು ಬೇಡ ಮಗಳೇ, ನೀವು ಹೋಗಿ ನೋಡಿ ಬನ್ನಿ, ನಾನು ಕಿಟಕಿಯ ಹತ್ತಿರ ಕೂತಿರುತ್ತೇನೆ” ಎಂದರು. ಅವರ ಸ್ವರದಲ್ಲಿ ಕೋಪವಿರಲಿಲ್ಲ, ಅದೇ ನಮಗೆ ಹೆಚ್ಚು ನೋವಾಯಿತು. ಆ ದಿನವೇ 1ನೆಯ ನಂಬರಿನ ಕಟ್ಟೆಯ ಪಕ್ಕದಲ್ಲಿ, ನಡುವೆ ಸೇತುವೆಯಿಲ್ಲದ ಬೇರೆ ಬಿಡಾರವನ್ನು ಹಿಡಿದೆವು. ಹೋಟೆಲಿನವರನ್ನು ಲಿಫ್ಟಿನ ವಿಷಯ ಕೇಳುವ ಮೊದಲು, ಕಟ್ಟೆಯಿಂದ ಬಾಗಿಲಿನವರೆಗೆ ಎಷ್ಟು ಮೆಟ್ಟಲುಗಳುಂಟೆಂದು ಕೇಳಿರಿ.

ಎತ್ತಿಸಿಕೊಳ್ಳುವದೂ ತಾನಾಗಿ ಹೋಗುವದೂ ಒಂದೇ ಅಲ್ಲವೆಂಬದು ದೊಡ್ಡ ಶಿಲ್ಪಿಗಳಿಗೂ ತಡವಾಗಿ ತಿಳಿಯುವದು. ಸಾಂತಿಯಾಗೋ ಕಲಾತ್ರಾವಾ ಎಂಬ ಪ್ರಖ್ಯಾತ ಶಿಲ್ಪಿಯು ರಚಿಸಿದ, ಮಹಾಕಾಲುವೆಯ ನಾಲ್ಕನೆಯ ಸೇತುವೆಯು 2008ರಲ್ಲಿ ತೆರೆಯಲ್ಪಟ್ಟಿತು. ಅದು ನೋಡಲು ಚಂದ, ಆದರೆ ಅದಕ್ಕೂ ಮೆಟ್ಟಲುಗಳೇ! ಜನರು ಆಕ್ಷೇಪಿಸಿದ ಮೇಲೆ ಅದರ ಪಕ್ಕದಲ್ಲಿ ಮೊಟ್ಟೆಯಾಕಾರದ ಒಂದು ಗೂಡನ್ನು ಜೋಡಿಸಿ, ಕುರ್ಚಿಯವರನ್ನು ಅದರಲ್ಲಿ ಕೂಡಿಸಿ ದಾಟಿಸುವ ಏರ್ಪಾಡು ಮಾಡಿದರು. ಅದು ಬಹು ನಿಧಾನ. ಬಿಸಿಲಿನಲ್ಲಿ ಒಳಗೆ ಬೇಗೆ. ಪದೇ ಪದೇ ಕೆಡುತ್ತಲೂ ಇತ್ತು. 2020ರಲ್ಲಿ ಅದನ್ನು ತೆಗೆದುಹಾಕಿದರು. ಇದಕ್ಕೆ ಪ್ರತಿಯಾಗಿ, ಅಕ್ಟೋಬರ್ ತಿಂಗಳ ಮರಾಥಾನ್ ಓಟಕ್ಕೋಸ್ಕರ ಕೆಲವು ಸೇತುವೆಗಳ ಮೆಟ್ಟಲುಗಳ ಮೇಲೆ ಇಳಿಜಾರುಗಳನ್ನು ಹಾಸುವರು. ಓಟ ಮುಗಿದ ಮೇಲೂ ಅವುಗಳಲ್ಲಿ ಕೆಲವನ್ನು ತಿಂಗಳುಗಟ್ಟಲೆ ಹಾಗೆಯೇ ಬಿಡುವದುಂಟು. ಓಡಬಲ್ಲವರಿಗಾಗಿ ಮಾಡಿದ್ದು ನಡೆಯಲಾರದವರಿಗೂ ದಾರಿಯಾಯಿತು.

ಸಂತ ಮಾರ್ಕನ ಚೌಕವು ದೋಣಿಕಟ್ಟೆಗೆ ಸಮೀಪ, ನಡುವೆ ಸೇತುವೆಯಿಲ್ಲ. ಅಲ್ಲಿಯ ದೇವಾಲಯದ ನೆಲವು ಬಣ್ಣಬಣ್ಣದ ಅಮೃತಶಿಲೆಯ ತುಣುಕುಗಳಿಂದ ಕೂಡಿದ್ದು, ಶತಮಾನಗಳಿಂದ ಕುಸಿಯುತ್ತಾ ಅಲೆಯಲೆಯಾಗಿರುವದರಿಂದ ಕುರ್ಚಿಯನ್ನು ಮೆಲ್ಲಗೆ ನೂಕಬೇಕು. ದೊಜೆಗಳ ಅರಮನೆಯಲ್ಲಿ ಲಿಫ್ಟ್ ಉಂಟು. ಸೆರೆಮನೆಗೆ ಹೋಗುವ ನಿಟ್ಟುಸಿರಿನ ಸೇತುವೆಯ ದಾರಿ ಮಾತ್ರ ಇಕ್ಕಟ್ಟು, ಕುರ್ಚಿಗಾಗದು. ಶರತ್ಕಾಲದಿಂದ ಚಳಿಗಾಲದವರೆಗೆ ಸಮುದ್ರ ಉಬ್ಬಿ ಈ ಚೌಕದಲ್ಲಿ ನೀರು ನಿಲ್ಲುವದುಂಟು. 2020ರ ಅಕ್ಟೋಬರದಿಂದ ಮೋಸೆ ಎಂಬ 78 ಉಕ್ಕಿನ ಕದಗಳು ದೊಡ್ಡ ಉಬ್ಬರವನ್ನು ತಡೆಯುತ್ತಿವೆ. ಆದರೂ ಆ ಕಾಲದಲ್ಲಿ ಹೋಗುವವರು ದಿನದಿನದ ಮುನ್ಸೂಚನೆಯನ್ನು ನೋಡಿಕೊಳ್ಳಬೇಕು.

ಕಡೆಯ ದಿನ ಬುರಾನೋ ದ್ವೀಪಕ್ಕೆ ಹೋದೆವು. ತಾಯಿಯವರೂ ನಮ್ಮ ಶಾಲೆಯಲ್ಲಿಯೇ ಓದಿದವರು. ಇಲ್ಲಿಯ ಹೊಲಿಗೆಯ ತರಗತಿಯಲ್ಲಿ ಲೇಸ್ ಹೆಣೆಯಲು ಕಲಿತವರು. ಬುರಾನೋ ಲೇಸಿಗೆ ಹೆಸರಾದ ಸ್ಥಳ. 1872ರಲ್ಲಿ ಅಲ್ಲಿ ಸ್ಥಾಪಿಸಿದ ಲೇಸ್ ಶಾಲೆಯು 1970ರವರೆಗೆ ನಡೆಯಿತು, ಈಗ ಆ ಕಟ್ಟಡದಲ್ಲಿ ವಸ್ತುಸಂಗ್ರಹಾಲಯವಿದೆ. ಹತ್ತಿರದ ದಾರಿಯಲ್ಲಿ ಚಿಕ್ಕ ದೋಣಿಯನ್ನು ಹತ್ತಬೇಕಾದ್ದರಿಂದ, ಸಾನ್ ಜಕ್ಕಾರಿಯಾ ಕಟ್ಟೆಯಲ್ಲಿ ದೊಡ್ಡ ದೋಣಿಯನ್ನು ಹಿಡಿದು ಲಿದೋ ದ್ವೀಪದ ಕಡೆಯಿಂದ ಸುತ್ತಿಕೊಂಡು ಹೋದೆವು. ಹೊತ್ತು ಹೆಚ್ಚು ಹಿಡಿಯಿತು, ಆದರೆ ಯಾರೂ ಯಾರನ್ನೂ ಎತ್ತಲಿಲ್ಲ. ಅಂಗಡಿಯೊಂದರ ಬಾಗಿಲಲ್ಲಿ ಮುದುಕಿಯೊಬ್ಬಳು ಬರೀ ಸೂಜಿನೂಲಿನಿಂದ ಲೇಸ್ ಮಾಡುತ್ತಿದ್ದಳು. ಬಟ್ಟೆಯ ಆಧಾರವಿಲ್ಲದೆ ಹಾಕುವ ಈ ಹೊಲಿಗೆಗೆ ‘ಗಾಳಿಯಲ್ಲಿ ಹಾಕಿದ ಹೊಲಿಗೆ’ ಎಂಬರ್ಥದ ಹೆಸರುಂಟು. ತಾಯಿಯವರು ತುಂಡೊಂದನ್ನು ತಕ್ಕೊಂಡು, ಮುಂಭಾಗವನ್ನು ನೋಡದೆ, ತಿರುಗಿಸಿ ಹಿಂಭಾಗವನ್ನು ನೋಡಿದರು. ಮುದುಕಿ ನಕ್ಕಳು, ಕೆಲಸ ಬಲ್ಲವರು ಬಂದರೆಂದು ತಿಳಿದಂತಿತ್ತು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ದೋಣಿಯ ಹೊತ್ತಾಯಿತೆಂದು ನಾವು ಎರಡು ಸಾರಿ ಹೇಳಿದೆವು. ತಾಯಿಯವರು ಕುರ್ಚಿಯ ಬ್ರೇಕನ್ನು ಸಡಿಲಿಸಲಿಲ್ಲ. ಆ ದೋಣಿ ಹೋಯಿತು. ಮುಂದಿನದರಲ್ಲಿ ಹೊರಟೆವು.